ಕಲೆ ರಕ್ತದಲ್ಲಿ ಬರಲ್ಲ, ಮನೇಲಿ ಯಾರೋ ಕಲಿಸಿರ್ತಾರೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಬರೋ ಕಲಾವಿದರ ಪರಿಚಯ ಲೇಖನಗಳನ್ನ ನಾನು ತಪ್ಪದೇ ಓದ್ತೀನಿ, ಚೆನ್ನಾಗಿರೋದನ್ನ ಕತ್ತರಿಸಿ ಇಟ್ಕೊಂಡು ನನ್ನ ವಿದ್ಯಾರ್ಥಿಗಳಿಗೂ ತೋರಿಸ್ತೀನಿ. ಆದ್ರೆ ಒಂದು ವಿಷಯ ಬಹಳ ದಿನದಿಂದ ಮನಸ್ಸಲ್ಲಿ ಕೊರೀತಾ ಇದೆ, ಇವತ್ತು ಬರೆದೇ ಬಿಡೋಣ ಅಂತ ಕೂತಿದೀನಿ. ಸಂಗೀತಗಾರರಾಗ್ಲಿ, ಚಿತ್ರ ಬರೆಯೋರಾಗ್ಲಿ, ನಟರಾಗ್ಲಿ, ಅವರ ಮನೆತನದ ಮಾತು ಬಂದ ತಕ್ಷಣ ಲೇಖನ ಒಂದೇ ಸಾಲಲ್ಲಿ ಮುಗಿಸಿಬಿಡುತ್ತೆ: ತಾತ ಕಲಾವಿದರು, ಅಪ್ಪ ಕಲಾವಿದರು, ಹಾಗಾಗಿ ಕಲೆ ಇವರ ರಕ್ತದಲ್ಲೇ ಇದೆ. ಅಲ್ಲಿಂದ ನೇರ ಪ್ರಶಸ್ತಿಗಳಿಗೆ ಹೋಗಿಬಿಡುತ್ತೆ. ಆ ಒಂದು ಸಾಲಿನ ಕೆಳಗೆ ಎಷ್ಟು ಜನರ ದುಡಿಮೆ ಮುಚ್ಚಿಹೋಗುತ್ತೆ, ಎಷ್ಟು ಮಕ್ಕಳ ಧೈರ್ಯ ಕುಗ್ಗುತ್ತೆ ಅನ್ನೋದನ್ನ ನಿಮ್ಮ ಗಮನಕ್ಕೆ ತರೋಣ ಅಂತ ಈ ಪತ್ರ.

ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡೋಳು. ಮಗುನ ಸೇರಿಸೋಕೆ ಬರೋ ತಂದೆ ತಾಯಿ ಫೀಸ್ ಎಷ್ಟು ಅಂತ ಕೇಳೋಕೂ ಮುಂಚೆ ಕೇಳೋದು ಒಂದೇ ಮಾತು, "ಮೇಡಂ, ನಮ್ಮ ಕಡೆ ಯಾರೂ ಆರ್ಟಿಸ್ಟ್ ಇಲ್ಲ, ಇವಳಿಗೆ ಬರುತ್ತಾ?" ಮಗು ಪಕ್ಕದಲ್ಲೇ ನಿಂತು ಎಲ್ಲಾ ಕೇಳಿಸ್ಕೊತಾ ಇರುತ್ತೆ. ಇನ್ನೂ ಪೆನ್ಸಿಲ್ ಹಿಡಿದಿಲ್ಲ, ಆಗ್ಲೇ ನನಗೆ ಅರ್ಹತೆ ಇದೆಯೋ ಇಲ್ವೋ ಅನ್ನೋ ಅನುಮಾನ ತಲೆಗೆ ಹೊಕ್ಕಿರುತ್ತೆ. ಇದು ಆ ತಂದೆ ತಾಯಿ ತಪ್ಪಲ್ಲ, ಅವರು ಓದಿರೋದು ಕೇಳಿರೋದು ಎಲ್ಲಾ ಅದನ್ನೇ ಹೇಳಿದೆ.

ರಕ್ತವೇ ಕಾರಣ ಆಗಿದ್ರೆ ಯುರೋಪಿನ ದೊಡ್ಡ ಸಂಗೀತ ರಚನಕಾರ ಮೊಜಾರ್ಟ್ ಮನೆಯ ಕಥೆ ಬೇರೇನೇ ಆಗಿರ್ತಿತ್ತು. ಆ ಮನೇಲಿ ಇಬ್ಬರು ಮಕ್ಕಳಿದ್ರು, 1751ರಲ್ಲಿ ಹುಟ್ಟಿದ ಮರಿಯಾ ಅನ್ನಾ, ಮನೇಲಿ ಎಲ್ಲರೂ ನಾನರ್ಲ್ ಅಂತ ಕರೀತಿದ್ದ ಅಕ್ಕ, ಮತ್ತೆ 1756ರಲ್ಲಿ ಹುಟ್ಟಿದ ತಮ್ಮ ವುಲ್ಫ್‌ಗಾಂಗ್. ಅಪ್ಪ ಲಿಯೋಪೋಲ್ಡ್ ಸ್ವತಃ ಪಿಟೀಲು ಕಲಿಸೋದರ ಬಗ್ಗೆ ಪುಸ್ತಕ ಬರೆದ ಮೇಷ್ಟ್ರು. 1759ರಲ್ಲಿ ಮಗಳಿಗೆ ಕೀಬೋರ್ಡ್ ಕಲಿಸೋಕೆ ಅಂತ ಒಂದು ನೋಟ್‌ಬುಕ್ ಮಾಡಿದ್ರು, ಚಿಕ್ಕ ಚಿಕ್ಕ ಪಾಠಗಳನ್ನ ಕೈಯಲ್ಲೇ ಬರೆದು. ತಮ್ಮ ಕಲಿತದ್ದೂ ಅದೇ ಪುಸ್ತಕದಿಂದ. ಅವನು ಮೊದಲಿಗೆ ರಚಿಸಿದ ಪುಟ್ಟ ಪುಟ್ಟ ರಚನೆಗಳನ್ನ ಅಪ್ಪ ಬರೆದಿಟ್ಟಿದ್ದೂ ಅಕ್ಕನ ಆ ಪುಸ್ತಕದ ಖಾಲಿ ಜಾಗದಲ್ಲೇ. ಇಬ್ಬರೂ ಒಟ್ಟಿಗೆ ಯುರೋಪಿನ ಅರಮನೆಗಳಲ್ಲಿ ನುಡಿಸಿದ್ರು, ಜನ ಇಬ್ಬರನ್ನೂ ಬೆರಗಾಗಿ ನೋಡಿದ್ರು. ಆಮೇಲೆ ಹುಡುಗಿ ಮದುವೆ ವಯಸ್ಸಿಗೆ ಬಂದ್ಲು ಅಂತ 1769ರಿಂದ ಅವಳ ಪ್ರವಾಸ ನಿಂತೇ ಹೋಯ್ತು, ಅಪ್ಪ ಮಗನನ್ನ ಮಾತ್ರ ಕರ್ಕೊಂಡು ಇಟಲಿಗೆ ಹೋದ್ರು. ಅಕ್ಕನೂ ಸಂಗೀತ ರಚಿಸ್ತಾ ಇದ್ಲು, ಅದನ್ನ ತಮ್ಮನೇ ಪತ್ರದಲ್ಲಿ ಹೊಗಳಿ ಬರೆದಿದ್ದಾನೆ, ಆದ್ರೆ ಅವಳ ಒಂದು ರಚನೆಯೂ ಇವತ್ತಿಗೆ ಉಳಿದಿಲ್ಲ. ಅದೇ ಅಪ್ಪ, ಅದೇ ಮನೆ, ಅದೇ ಪಾಠದ ಪುಸ್ತಕ, ಅದೇ ರಕ್ತ. ವ್ಯತ್ಯಾಸ ಆದದ್ದು ಯಾರಿಗೆ ಬಾಗಿಲು ತೆಗೆದ್ರು ಅನ್ನೋದರಲ್ಲಿ.

ಇದು ಒಂದು ಮನೆಯ ಕಥೆ ಮಾತ್ರ ಅಂತ ಅನ್ಕೋಬೇಡಿ. ಜರ್ಮನಿಯ ಫ್ಯಾನಿ ಮೆಂಡೆಲ್‌ಸನ್ ತನ್ನ 13ನೇ ವಯಸ್ಸಿಗೇ ಹಳೇ ಕಾಲದ ದೊಡ್ಡ ರಚನಕಾರ ಬಾಖ್‌ನ 24 ಪ್ರೆಲೂಡ್‌ಗಳನ್ನ, ಅಂದ್ರೆ ಕೀಬೋರ್ಡ್‌ಗೆ ಬರೆದ ಚಿಕ್ಕ ರಚನೆಗಳನ್ನ, ಪುಸ್ತಕ ನೋಡದೇ ಅಪ್ಪನ ಮುಂದೆ ನುಡಿಸಿದ ಹುಡುಗಿ. ಅದೇ ಅಪ್ಪ 1820ರಲ್ಲಿ ಅವಳಿಗೆ ಪತ್ರ ಬರೆದು, ಸಂಗೀತ ನಿನ್ನ ತಮ್ಮ ಫೆಲಿಕ್ಸ್‌ಗೆ ವೃತ್ತಿ ಆಗಬಹುದು, ನಿನಗೆ ಅದು ಅಲಂಕಾರ ಮಾತ್ರ ಅಂತ ತಿಳಿಸಿದ್ರು. ಅವಳ ಆರು ಹಾಡುಗಳು ತಮ್ಮನ ಹೆಸರಲ್ಲಿ ಅಚ್ಚಾದವು. 1842ರಲ್ಲಿ ವಿಕ್ಟೋರಿಯಾ ರಾಣಿ ಫೆಲಿಕ್ಸ್‌ನ ಎದುರಿಗೇ ಇಷ್ಟಪಟ್ಟು ಆರಿಸ್ಕೊಂಡು ಹಾಡಿದ ಹಾಡು ಅಕ್ಕನದ್ದು ಅಂತ ಅವನೇ ಒಪ್ಕೋಬೇಕಾಯ್ತು. 450ಕ್ಕೂ ಹೆಚ್ಚು ರಚನೆ ಮಾಡಿದ ಹೆಣ್ಣುಮಗಳು ತನ್ನ ಸ್ವಂತ ಹೆಸರಲ್ಲಿ ಒಂದೊಂದಾಗಿ ಪ್ರಕಟಿಸೋಕೆ ಗಟ್ಟಿ ಮನಸ್ಸು ಮಾಡಿದ್ದು 1846ರಲ್ಲಿ, ಮಾರನೇ ವರ್ಷ ತೀರಿಕೊಂಡ್ರು.

ನಮ್ಮಲ್ಲೂ ಹಿಂದೂಸ್ತಾನಿ ಸಂಗೀತದ ದೊಡ್ಡ ವಾದಕಿ ಅನ್ನಪೂರ್ಣಾದೇವಿಯವರ ವಿಷಯ ಗೊತ್ತಲ್ಲ. ಅವರ ಅಪ್ಪ ಉಸ್ತಾದ್ ಅಲ್ಲಾವುದ್ದೀನ್ ಖಾನರು ಹಿರಿಮಗಳಿಗೆ ಸಂಗೀತದಿಂದಾಗಿ ಗಂಡನ ಮನೇಲಿ ಕಷ್ಟ ಆಯ್ತು ಅನ್ನೋ ನೋವಲ್ಲಿ ಕಿರಿಯವಳಿಗೆ ಕಲಿಸೋದೇ ಬೇಡ ಅಂತಿದ್ರಂತೆ. ಅಣ್ಣ ಅಲಿ ಅಕ್ಬರ್ ಪಾಠ ತಪ್ಪು ನುಡಿಸ್ತಾ ಇದ್ದಾಗ ಈ ಪುಟ್ಟ ಹುಡುಗಿ ಅಲ್ಲ ಅಣ್ಣಾ, ಅಪ್ಪ ಹೇಳಿದ್ದು ಹೀಗೆ ಅಂತ ಹಾಡಿ ತೋರಿಸೋದನ್ನ ಅಪ್ಪ ಹೊರಗಿಂದ ಬಂದೋರು ಕೇಳಿಸ್ಕೊಂಡ್ರು, ಅವತ್ತಿಂದ ಅವಳಿಗೂ ಪಾಠ ಶುರುವಾಯ್ತು ಅಂತ ಹೇಳ್ತಾರೆ. ಅವತ್ತು ಅವರು ಆ ಹೊತ್ತಿಗೆ ಮನೆಗೆ ಬರದೇ ಇದ್ದಿದ್ರೆ ಅಂತ ಯೋಚನೆ ಮಾಡಿದಾಗೆಲ್ಲಾ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಹಾಗಂತ ಮನೆ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ, ಮನೆ ತುಂಬಾನೇ ಮುಖ್ಯ. ಆದ್ರೆ ಮನೆ ಕೊಡೋದು ರಕ್ತದ ಮೂಲಕ ಅಲ್ಲ, ಕಣ್ಣು ಕಿವಿ ಕೈ ಮೂಲಕ. ಸುಮ್ನೆ ಪಕ್ಕದಲ್ಲಿ ಕೂತು ನೋಡಿದ್ದು, ಸಣ್ಣ ಕೆಲಸ ಹೇಳಿಸ್ಕೊಂಡಿದ್ದು, ಬೈಸ್ಕೊಂಡಿದ್ದು, ಕೆಟ್ಟದ್ದನ್ನ ಬಿಚ್ಚಿ ಮತ್ತೆ ಮಾಡಿದ್ದು, ಇವೆಲ್ಲಾ ಸೇರಿ ಒಂದು ಕೈ ತಯಾರಾಗುತ್ತೆ.

ಶಿಲ್ಪಿ ಲೂಯೀಸ್ ಬೂರ್ಜ್ವಾ ಅವರದ್ದು ನಾನು ಮಕ್ಕಳಿಗೆ ಯಾವಾಗ್ಲೂ ಹೇಳೋ ಉದಾಹರಣೆ. 1911ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದೋರು. ಅಪ್ಪ ಅಮ್ಮ ಹಳೇ ಟೇಪಸ್ಟ್ರಿಗಳನ್ನ, ಅಂದ್ರೆ ಗೋಡೆಗೆ ತೂಗುಹಾಕೋ ದೊಡ್ಡ ದೊಡ್ಡ ನೇಯ್ದ ಚಿತ್ರಗಳನ್ನ ರಿಪೇರಿ ಮಾಡೋ ಕಾರ್ಖಾನೆ ಇಟ್ಕೊಂಡಿದ್ರು. ಅಂಥ ಬಟ್ಟೆ ಮೊದಲು ಹಾಳಾಗೋದು ಕೆಳಗಿನ ಅಂಚು, ಚಿತ್ರದಲ್ಲಿ ಅಲ್ಲಿ ಏನಿರುತ್ತೆ ಹೇಳಿ, ಜನರ ಕಾಲು, ಪಾದ. ಎಲ್ಲಾ ಟೇಪಸ್ಟ್ರಿಯಲ್ಲೂ ಪಾದಗಳೇ ಸವೆದು ಮಾಯ ಆಗಿರೋವು. ನೇಯೋರು ಅದನ್ನ ಮತ್ತೆ ತುಂಬಬೇಕಾದ್ರೆ ಮೊದಲು ಯಾರಾದ್ರೂ ಆ ಇಲ್ಲದ ಪಾದ ಹೇಗಿತ್ತು ಅಂತ ಬರೆದು ಕೊಡಬೇಕಿತ್ತು, ಆ ಕೆಲಸ ಈ ಹುಡುಗಿಗೆ ಬಂತು. ಮೇಲೆ ಉಳಿದಿರೋ ಮಂಡಿ ಯಾವ ಕಡೆ ಬಾಗಿದೆ, ಸೆರಗು ಯಾವ ಕಡೆ ಹಾರಿದೆ ಅಂತೆಲ್ಲಾ ನೋಡ್ಕೊಂಡು ಕೆಳಗಿಲ್ಲದ್ದನ್ನ ಊಹಿಸಿ ಬರೀಬೇಕು. ಯೋಚನೆ ಮಾಡಿ, ಒಂದು ಮಗು ಬರೆದ ಪಾದ ಚಂದ ಇದೆ ಅಂತ ಸುಮ್ನೆ ಹೊಗಳಿಸ್ಕೊಳ್ಳೋದಕ್ಕೂ, ಆ ಪಾದ ಇಲ್ಲದೇ ಮನೆಯ ಕೆಲಸ ಮುಂದೆ ಹೋಗಲ್ಲ ಅನ್ನೋದಕ್ಕೂ ಎಷ್ಟು ವ್ಯತ್ಯಾಸ. ಆ ಮಗುಗೆ ಚಿತ್ರ ಬರೆಯೋದು ಹವ್ಯಾಸ ಆಗಿರಲೇ ಇಲ್ಲ, ಮನೇಲಿ ಅವಳ ಪಾಲಿನ ಕೆಲಸ ಆಗಿತ್ತು.

ಆಮೇಲೆ ಅವರು ಕಾಲೇಜಲ್ಲಿ ಗಣಿತ ಓದೋಕೆ ಹೋದ್ರು. 1932ರಲ್ಲಿ ಅಮ್ಮ ತೀರಿಹೋದ ಮೇಲೆ ಗಣಿತ ಬಿಟ್ಟು ಕಲೆಗೆ ಬಂದ್ರು. ಎಷ್ಟೋ ವರ್ಷ ಯಾರೂ ಹೆಚ್ಚು ಗಮನಿಸಲಿಲ್ಲ, ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂ ಅವರ ಜೀವಮಾನದ ಕೆಲಸ ಒಟ್ಟಿಗೆ ತೋರಿಸಿದಾಗ 1982, ಅಷ್ಟೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. 1999ರಲ್ಲಿ ಮಾಡಿದ 30 ಅಡಿಗೂ ಎತ್ತರದ ಆ ಜೇಡರ ಹುಳದ ಶಿಲ್ಪದ ಫೋಟೋ ನೀವು ನೋಡಿರ್ತೀರಾ, ಅದಕ್ಕೆ ಅವರು ಇಟ್ಟ ಹೆಸರು ಅಮ್ಮ ಅಂತಲೇ. ಬಲೆ ಹರಿದ್ರೆ ಸಿಟ್ಟಾಗದೇ ಮತ್ತೆ ಕೂತು ನೇಯೋ ಜೀವ ಅದು, ಅಮ್ಮನೂ ಹಾಗೇ ಅಂತ ಅವರ ಭಾವನೆ. ಅಪ್ಪನ ಮೇಲಿನ ಸಿಟ್ಟೂ ಅವರ ಕೆಲಸಕ್ಕೆ ಬಂತು, ಮನೇಲಿ ಪಾಠ ಹೇಳೋಕೆ ಬಂದಿದ್ದ ಹೆಂಗಸಿನ ಜೊತೆ ಅಪ್ಪನ ಸಂಬಂಧ ವರ್ಷಗಟ್ಟಲೆ ನಡೀತು, ಅದನ್ನ ಮಕ್ಕಳೂ ನೋಡ್ತಾ ಬೆಳೆದ್ರು, ಆ ಗಾಯ 1974ರ ಒಂದು ಭಯಂಕರವಾದ ಕೃತಿಯಲ್ಲಿ ಹೊರಗೆ ಬಂತು. ಅಂದ್ರೆ ಮನೆ ಅಂದ್ರೆ ಬರೀ ಆಶೀರ್ವಾದ ಅಲ್ಲ, ಕೆಲವರಿಗೆ ಮನೆ ಕೊಟ್ಟಿದ್ದು ಪೆಟ್ಟು, ಅದರಿಂದಲೂ ಕಲೆ ಹುಟ್ಟುತ್ತೆ. ನಮ್ಮ ಪರಿಚಯ ಲೇಖನಗಳಲ್ಲಿ ಈ ಭಾಗ ಯಾವತ್ತೂ ಬರಲ್ಲ, ಎಲ್ಲರ ಮನೆಯೂ ನಂದಗೋಕುಲದ ಹಾಗೇ ಇರುತ್ತೆ.

ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಅವರ ವಿಷಯ ಬರೆಯದೇ ಈ ಪತ್ರ ಮುಗಿಸೋಕೆ ನನಗೆ ಆಗಲ್ಲ. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದೋರು, ಉಸ್ತಾದ್ ಅಬ್ದುಲ್ ಕರೀಂ ಖಾನರಂಥೋರೇ ಕೂತು ಅವರ ಹಾಡು ಕೇಳ್ತಿದ್ರು. ಮಗಳಿಗೆ ಒಲವು ಹಿಂದೂಸ್ತಾನಿ ಕಡೆ ಅಂತ ಗೊತ್ತಾದ ಮೇಲೆ ಆ ತಾಯಿ ತನ್ನ ಸಂಗೀತದ ನೆರಳು ಮಗಳ ದನಿ ಮೇಲೆ ಬೀಳಬಾರ್ದು ಅಂತ ತಾನು ಹಾಡೋದನ್ನೇ ನಿಲ್ಲಿಸಿಬಿಟ್ರು. ಒಬ್ಬ ಹಾಡುಗಾರ್ತಿ ಬಾಯಿ ಮುಚ್ಚಿಕೊಳ್ಳೋದು ಅಂದ್ರೆ ಏನು ಅಂತ ಹಾಡೋರನ್ನ ಕೇಳಿ ನೋಡಿ. ಮಗಳಿಗೆ ಕಲಿಸೋಕೆ ಬೇರೆ ಗುರುಗಳನ್ನ ಕರೆಸಿ, ತಾನು ಮನೆಯೊಳಗೆ ಗುನುಗೋದನ್ನೂ ಬಿಟ್ಟು ಕೂರೋದು ಅಂದ್ರೆ ಸಣ್ಣ ಮಾತಲ್ಲ. ಮುಂದೆ ಗಂಗೂಬಾಯಿ ಸವಾಯಿ ಗಂಧರ್ವರ ಶಿಷ್ಯೆಯಾಗಿ, ಗಂಡುದನಿಯ ಹಾಗೆ ತೂಕವಾದ ಆ ಕಂಠದಲ್ಲಿ ಎಷ್ಟು ದಶಕ ಹಾಡಿದ್ರು ಅನ್ನೋದು ಎಲ್ರಿಗೂ ಗೊತ್ತು, 2002ರಲ್ಲಿ ಪದ್ಮವಿಭೂಷಣ ಬಂದಿದ್ದೂ ಗೊತ್ತು. ಆ ದನಿ ತಾಯಿಯಿಂದ ಬಂತು ಅನ್ನೋರು ತುಂಬಾ ಜನ ಇದ್ದಾರೆ, ತಾಯಿ ಸುಮ್ಮನಾದದ್ದರಿಂದ ಬಂತು ಅಂತ ಹೇಳೋರು ಕಮ್ಮಿ. ಇನ್ನು ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್ ವರ್ಷಗಟ್ಟಲೆ ಕಛೇರಿಗಳಲ್ಲಿ ಅಮ್ಮನ ಹಿಂದೆ ಕೂತು ಜೊತೆದನಿ ಕೊಟ್ರು. ಧ್ವನಿಮುದ್ರಿಕೆಗಳಲ್ಲಿ ಗಂಗೂಬಾಯಿ ದನಿ ಒಂದು ಕ್ಷಣ ಬಿಡುವು ತಗೊಂಡಾಗ ಆ ಸ್ವರ ಬೀಳದ ಹಾಗೆ ಎತ್ತಿ ಹಿಡಿಯೋ ಇನ್ನೊಂದು ದನಿ ಕೇಳುತ್ತಲ್ಲ, ಅದೇ. ಮೂರು ತಲೆಮಾರಿನ ಈ ಕೊಡು ಕೊಳ್ಳುವಿಕೆಯನ್ನ ರಕ್ತ ಅನ್ನೋ ಒಂದು ಮಾತಲ್ಲಿ ಹೇಗೆ ತುರುಕೋದು ಹೇಳಿ.

ಕಲಾವಿದರಲ್ಲದ ಮನೆಯವರೂ ಕೊಡ್ತಾರೆ, ಅದನ್ನ ಇನ್ನೂ ಗಟ್ಟಿಯಾಗಿ ಹೇಳಬೇಕು. ಭೀಮಸೇನ ಜೋಶಿಯವರ ತಂದೆ ಗುರುರಾಜಾಚಾರ್ಯರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಹುಡುಗ ಬೀದೀಲಿ ಬ್ಯಾಂಡು, ಭಜನೆ ಮೆರವಣಿಗೆ ಏನು ಹೋದ್ರೂ ಹಿಂದೆನೇ ಹೊರಟುಬಿಡೋನು, ಸುಸ್ತಾದ ಕಡೆ ಮಲಗಿಬಿಡೋನು, ಮನೆಯವರು ಪೊಲೀಸ್ ಸ್ಟೇಷನ್ ತನಕ ಹೋಗಿ ಹುಡುಕಬೇಕಾಗಿ ಬರ್ತಿತ್ತು. ಕೊನೆಗೆ ಅಪ್ಪ ಏನು ಮಾಡಿದ್ರು ಅಂದ್ರೆ ಮಗನ ಅಂಗಿ ಮೇಲೆ ಜೋಶಿ ಮಾಸ್ತರರ ಮಗ ಅಂತ ಬರೆದ್ರು, ಸಿಕ್ಕೋರು ಮನೆಗೆ ತಂದು ಬಿಡ್ತಾರೆ ಅಂತ. ನನಗೆ ಈ ಕಥೇಲಿ ಮನಸ್ಸು ತುಂಬಿ ಬರೋದು ಎಲ್ಲಿ ಅಂದ್ರೆ, ಆ ಅಪ್ಪ ಹುಡುಗನನ್ನ ಕಟ್ಟಿಹಾಕೋ ದಾರಿ ಹುಡುಕಲಿಲ್ಲ, ಅವನು ಸುರಕ್ಷಿತವಾಗಿ ವಾಪಸ್ ಬರೋ ದಾರಿ ಮಾಡಿಟ್ರು. ಆಮೇಲೆ 1933ರಲ್ಲಿ 11 ವರ್ಷದ ಹುಡುಗ ಗುರುನ ಹುಡುಕ್ತಾ ಮನೆ ಬಿಟ್ಟೇ ಹೋದ, ಉತ್ತರದ ಊರೂರು ಅಲೆದ, ಅಪ್ಪನೇ ಹುಡುಕಿ ಕರ್ಕೊಂಡು ಬಂದ್ರು, ಅದೇ ಸವಾಯಿ ಗಂಧರ್ವರ ಹತ್ರ ಕಲಿಯೋಕೆ ಬಿಟ್ರು. ಅಪ್ಪನಿಗೆ ಸಂಗೀತ ಕಲಿಸೋಕೆ ಬರ್ತಿರಲಿಲ್ಲ. ಕಲಿಸೋರ ಮನೆ ಬಾಗಿಲ ತನಕ ಹೋಗೋಕೆ ಬರ್ತಿತ್ತು, ಅದೂ ದೊಡ್ಡ ಕೊಡುಗೆನೇ.

ಪರಂಪರೆ ಅನ್ನೋದರ ಬಗ್ಗೆಯೂ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ, ಹಿಂದಿನವರು ಮಾಡಿದ್ದನ್ನ ಹಾಗೇ ಮಾಡಿದ್ರೆ ಪರಂಪರೆ ಉಳೀತು ಅಂತ. ಜಪಾನಿನ ಕ್ಯೋಟೋದಲ್ಲಿ ರಾಕು ಅನ್ನೋ ಕುಂಬಾರಿಕೆ ಮನೆತನ ಇದೆ, 16ನೇ ಶತಮಾನದಿಂದ ಟೀ ಕುಡಿಯೋ ಬಟ್ಟಲು ಮಾಡ್ಕೊಂಡು ಬಂದಿದ್ದಾರೆ, 2019ರಲ್ಲಿ 16ನೇ ತಲೆಮಾರಿನೋರು ಯಜಮಾನಿಕೆ ವಹಿಸ್ಕೊಂಡ್ರು. ಅಷ್ಟು ಹಳೇ ಮನೆ ಅಂದ್ರೆ ಎಲ್ಲಾ ಗುಟ್ಟೂ ಅಪ್ಪ ಮಗನಿಗೆ ಹೇಳಿಕೊಡ್ತಾರೆ ಅಂತ ನಾವು ಅನ್ಕೊತೀವಿ. ಇಲ್ಲ. ಬಟ್ಟಲಿನ ಮೇಲೆ ಹಚ್ಚೋ ಮೆರುಗಿನ ಮಿಶ್ರಣದ ಗುಟ್ಟನ್ನ ಅಪ್ಪ ಬಿಟ್ಟುಕೊಡಲ್ಲ, ಪ್ರತಿ ತಲೆಮಾರೂ ತಾನೇ ಸುಟ್ಟು ಕೆಡಿಸಿ ಕಂಡ್ಕೋಬೇಕು. ಹಾಗಾದ್ರೆ ಕೊಡೋದೇನು ಅಂದ್ರೆ ಮಣ್ಣು. ಹಿಂದಿನವರು ಒಳ್ಳೇ ಮಣ್ಣು ಸಿಕ್ಕಾಗ ತಂದು ಹದಮಾಡಿ ಕೂಡಿಡ್ತಾರೆ, ತಾವು ಕಣ್ಣಲ್ಲಿ ನೋಡದೇ ಇರಬಹುದಾದ ಮೊಮ್ಮಕ್ಕಳ ಕಾಲಕ್ಕೆ ಅಂತ. 15ನೇ ತಲೆಮಾರಿನ ರಾಕು ಕಿಚಿಝಾಎಮೊನ್ ಟೋಕಿಯೋದಲ್ಲಿ ಶಿಲ್ಪಕಲೆ ಓದಿ, ಇಟಲಿಗೆ ಹೋಗಿದ್ದು ಬಂದು, ಹಿರಿಯರ ಬಟ್ಟಲಿಗೆ ಹೋಲಿಕೆನೇ ಇಲ್ಲದಂಥ ಒರಟು ಬಟ್ಟಲುಗಳನ್ನ ಕೆತ್ತಿದ್ರು. ಅದೂ ಆ ಮನೆಯ ಪರಂಪರೆಯೇ ಅಂತ ಒಪ್ಪಿದ್ದಾರೆ.

ಅದೇ ಜಪಾನಿನ ಕಬುಕಿ ರಂಗಭೂಮೀಲಿ ಹೆಸರು ಮನೆತನದಲ್ಲೇ ಸಾಗುತ್ತೆ, ಆದ್ರೆ ಯೋಗ್ಯರನ್ನ ದತ್ತು ತಗೊಳ್ಳೋ ಪದ್ಧತಿ ಇದೆ. ಇವತ್ತಿನ ಬಹು ದೊಡ್ಡ ಸ್ತ್ರೀಪಾತ್ರಧಾರಿ ಬಾಂಡೊ ತಮಾಸಾಬುರೊ 1950ರಲ್ಲಿ ಹುಟ್ಟಿದ್ದು ಕಬುಕಿ ಮನೇಲಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು, ಕಾಲಿಗೆ ಬಲ ಬರಲಿ ಅಂತ ನೃತ್ಯಕ್ಕೆ ಸೇರಿಸಿದ್ರು, ಅಲ್ಲಿಂದ ಕಬುಕಿ ಗುರುಗಳ ಮನೆಗೆ ದತ್ತುಮಗ ಆದ್ರು. ಮನೆತನವನ್ನ ಅಷ್ಟು ಗೌರವಿಸೋ ಕಲೆಯೇ ರಕ್ತಕ್ಕಿಂತ ಕಲಿಕೆ ಮುಖ್ಯ ಅಂತ ನೂರಾರು ವರ್ಷದಿಂದ ಒಪ್ಕೊಂಡಿದೆ ಅಂದ್ಮೇಲೆ ನಾವು ಯಾಕೆ ಒಪ್ಪಬಾರ್ದು.

ಘಾನಾದ ಶಿಲ್ಪಿ ಎಲ್ ಅನಾಟ್ಸುಯಿ ಅವರದ್ದು ಇನ್ನೊಂದು ಥರ. 1944ರಲ್ಲಿ ಹುಟ್ಟಿದೋರು, ಅಪ್ಪ ಕೆಂಟೆ ಬಟ್ಟೆ ನೇಯ್ತಿದ್ರು, ಕೆಂಟೆ ಅಂದ್ರೆ ಕಿರಿದಾದ ಬಣ್ಣದ ಪಟ್ಟಿಗಳನ್ನ ನೇಯ್ದು ಒಂದಕ್ಕೊಂದು ಹೊಲಿದು ಮಾಡೋ ಬಟ್ಟೆ. ಇವರು ನೇಯ್ಗೆ ಕಲೀಲಿಲ್ಲ. ಆರ್ಟ್ ಕಾಲೇಜಲ್ಲಿ ಯುರೋಪಿನ ರೀತಿಯ ಪಾಠ ಕಲಿತು, 1975ರಿಂದ ನೈಜೀರಿಯಾದಲ್ಲಿ ಪಾಠ ಮಾಡಿದ್ರು. ಐವತ್ತು ದಾಟಿದ ಮೇಲೆ ಬಿಸಾಕಿದ ಬಾಟಲಿ ಮುಚ್ಚಳಗಳ ಮೂಟೆ ಒಂದು ಕೈಗೆ ಸಿಕ್ಕಿತು, ಅವನ್ನ ತಟ್ಟಿ ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತೀಲಿ ಒಂದಕ್ಕೊಂದು ಹೊಲಿದು, ಗೋಡೆ ತುಂಬಾ ಇಳಿಬೀಳೋ ಹೊಳೆಯೋ ಹಾಸುಗಳನ್ನ ಮಾಡಿದ್ರು. ನೋಡಿದೋರಿಗೆ ಕಂಡದ್ದು ಕೆಂಟೆ. ಮಗ್ಗಕ್ಕೆ ಕೂರದ ಮಗನ ಕೈಗೆ ಅಪ್ಪನ ಮಗ್ಗ ಹೇಗೆ ಬಂತು? ನೋಡಿ ನೋಡಿ ಒಳಗೆ ಕೂತಿತ್ತು ಅಷ್ಟೇ, ಹೊರಗೆ ಬರೋಕೆ ಅದಕ್ಕೆ ಅರ್ಧ ಜೀವಮಾನ ಬೇಕಾಯ್ತು. ಆದ್ರೆ ಆ ಮುಚ್ಚಳಗಳು ಸಾರಾಯಿ ಬಾಟಲಿದು, ಆಫ್ರಿಕಾಕ್ಕೆ ಯುರೋಪಿನವರು ಸಾರಾಯಿ ತಂದು ವ್ಯಾಪಾರ ಮಾಡಿದ, ಮನುಷ್ಯರನ್ನೂ ಮಾರಿದ ಚರಿತ್ರೆ ಆ ತಗಡಲ್ಲಿದೆ. ಅಪ್ಪನ ನೇಯ್ಗೆಯಲ್ಲಿ ಈ ಚರಿತ್ರೆ ಹೇಳೋದು ಮಗನ ಸ್ವಂತ ಆಲೋಚನೆ, ಅದನ್ನ ಯಾವ ಪರಂಪರೆಯೂ ತಯಾರು ಮಾಡಿ ಕೊಟ್ಟಿರಲಿಲ್ಲ.

ಅಮೆರಿಕದ ಕಲಾವಿದೆ ಫೇತ್ ರಿಂಗೋಲ್ಡ್ ಅವರದ್ದೂ ಹೀಗೇ. ಅಮ್ಮ ವಿಲ್ಲಿ ಪೋಸಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಉಡುಪು ವಿನ್ಯಾಸ ಮಾಡ್ತಿದ್ದೋರು, ಅವರ ಹಿಂದಿನ ತಲೆಮಾರಿನ ಹೆಂಗಸರು ಗುಲಾಮರಾಗಿದ್ದಾಗ ಯಜಮಾನರ ಮನೆಗೆ ಕೌದಿ ಹೊಲಿದು ಕೊಡ್ತಿದ್ರು. ಮಗಳು ಮೊದಲು ಎಣ್ಣೆಬಣ್ಣದಲ್ಲಿ ಚಿತ್ರ ಬರೀತಿದ್ರು, ಆಮೇಲೆ ಬಟ್ಟೆ ಕಡೆ ಬಂದು 1980ರಲ್ಲಿ ಅಮ್ಮನ ಜೊತೆ ಕೂತು 30 ಮುಖಗಳಿರೋ ಮೊದಲ ಕೌದಿ ಮಾಡಿದ್ರು. ಮುಂದಿನ ವರ್ಷವೇ ಅಮ್ಮ ಹೋಗಿಬಿಟ್ರು. 1983ರಿಂದ ಕೌದಿ ಮೇಲೆ ಕಥೆ ಬರೆಯೋಕೆ ಶುರು ಮಾಡಿದ್ರು, ಇವತ್ತು ಅವು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಹೆಂಗಸರ ಮನೆಗೆಲಸ ಅಂತ ಬದಿಗಿಟ್ಟಿದ್ದ ಹೊಲಿಗೆ ಗೋಡೆ ಮೇಲಿನ ಚಿತ್ರದ ಸಮಕ್ಕೆ ನಿಂತಿತು.

ನನ್ನ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಅಮ್ಮ ಟೈಲರಿಂಗ್ ಮಾಡ್ತಾರೆ. ಇವಳು ಮುಖ ಬರೆದ್ರೆ ಸುಮಾರಾಗಿರುತ್ತೆ, ಆದ್ರೆ ಬಟ್ಟೆ ಬರೆದ್ರೆ ನಾನೇ ನಿಂತು ನೋಡ್ತೀನಿ. ಕೂತ ಹೆಂಗಸಿನ ಚಿತ್ರ ಬರೀರಿ ಅಂದಾಗ ಉಳಿದ ಮಕ್ಕಳೆಲ್ಲಾ ಲಂಗದ ಮೇಲೆ ಉದ್ದುದ್ದ ಗೆರೆ ಎಳೆದು ಅದೇ ನೆರಿಗೆ ಅಂದ್ರು. ಇವಳು ಮಾತ್ರ ಮಂಡಿ ಹತ್ರ ಬಟ್ಟೆ ಬಿಗಿದು ಗೆರೆ ಎಲ್ಲಾ ಅಲ್ಲಿಂದ ಕವಲಾಗೋ ಹಾಗೆ, ಸೊಂಟದ ಹತ್ರ ಸಡಿಲ ಬಿಟ್ಟು, ಕೆಳಗೆ ಅಂಚು ಮಡಚಿ ಹೊಲಿದ ಕಡೆ ಬಟ್ಟೆ ದಪ್ಪ ಆಗೋದನ್ನೂ ಬಿಡದೇ ಬರೆದಿದ್ಲು. ಎಲ್ಲಿ ಕಲಿತೆ ಪುಟ್ಟಾ ಅಂದ್ರೆ "ಅಮ್ಮ ಕಟ್ ಮಾಡೋವಾಗ ಬಟ್ಟೆ ನಾನೇ ಹಿಡ್ಕೊಳೋದು ಮಿಸ್" ಅಂದ್ಲು. ಇವಳ ಅಮ್ಮನೂ ಸೇರಿಸೋ ದಿನ ನಮ್ಮ ಕಡೆ ಯಾರೂ ಆರ್ಟಿಸ್ಟ್ ಇಲ್ಲ ಅಂತಲೇ ಅಂದಿದ್ರು. ನಾನು ಆ ಚಿತ್ರ ಅವರಿಗೆ ತೋರಿಸಿ, ಇದನ್ನ ಕಲಿಸಿದ್ದು ನಾನಲ್ಲ ನೀವು ಅಂದೆ. ಅವರು ಬಹಳ ಹೊತ್ತು ನೋಡಿ, ಆ ಅಂಚಿನ ಮೇಲೆ ಬೆರಳಿಟ್ಟು, ಇಲ್ಲಿ ಹೊಲಿಗೆ ಸ್ವಲ್ಪ ಅಗಲ ಆಯ್ತು ಅಂತ ಮಗಳಿಗೆ ಹೇಳಿದ್ರು. ಅದಕ್ಕಿಂತ ಒಳ್ಳೇ ವಿಮರ್ಶೆ ನಾನು ಕೊಡೋಕೆ ಆಗ್ತಿರಲಿಲ್ಲ.

ಸಂಪಾದಕರೇ, ಅದಕ್ಕೇ ನನ್ನ ಕೋರಿಕೆ. ನಿಮ್ಮ ವರದಿಗಾರರು ಮುಂದೆ ಕಲಾವಿದರ ಮನೆಗೆ ಹೋದಾಗ ಅಪ್ಪ ಅಜ್ಜನ ಹೆಸರು ಬರ್ಕೊಂಡು ಬರೋದರ ಜೊತೆ ನಾಲ್ಕು ಮಾತು ಹೆಚ್ಚು ಕೇಳ್ಲಿ. ಚಿಕ್ಕಂದಿನಲ್ಲಿ ಮನೇಲಿ ನಿಮಗೆ ಯಾವ ಕೆಲಸ ಹೇಳ್ತಿದ್ರು, ಯಾರ ಪಕ್ಕ ಕೂತು ಏನು ನೋಡ್ತಿದ್ರಿ, ನೀವು ಅಭ್ಯಾಸಕ್ಕೆ ಕೂತಾಗ ನಿಮ್ಮ ಪಾಲಿನ ಕೆಲಸ ಯಾರು ಮಾಡಿದ್ರು, ನಿಮ್ಮ ಜೊತೆಗೇ ಕಲಿತು ನಡುವೆ ಬಿಟ್ಟ ಅಕ್ಕ ತಂಗಿ ಇದ್ದಾರಾ, ಅವರು ಈಗ ಏನು ಮಾಡ್ತಿದ್ದಾರೆ. ಆ ಅಕ್ಕನ ಹತ್ರಾನೂ ಹೋಗಿ ಒಂದು ಸಲ ಮಾತಾಡ್ಸಲಿ. ಹಿಂದಿನವರಿಂದ ತಗೊಂಡದ್ದರಲ್ಲಿ ಯಾವುದನ್ನ ಬಿಟ್ರಿ, ಯಾಕೆ ಬಿಟ್ರಿ ಅಂತಲೂ ಕೇಳ್ಲಿ, ಏನು ಬಿಟ್ಟಿದ್ದಾರೆ ಅನ್ನೋದರಲ್ಲಿ ಕಲಾವಿದರು ಅರ್ಧ ಅರ್ಥ ಆಗ್ತಾರೆ. ಮನೇಲಿ ಕಲೆ ಇಲ್ಲದ ಕಡೆಯಿಂದ ಬಂದೋರನ್ನ ಕೇಳೋವಾಗ ಇದು ನಿಮಗೆ ಎಲ್ಲಿಂದ ಬಂತು ಅಂತ ಆಶ್ಚರ್ಯ ಪಡೋದನ್ನ ಬಿಟ್ಟು, ಅಮ್ಮ ಅಪ್ಪ ಏನು ಕೆಲಸ ಮಾಡ್ತಿದ್ರು, ಅದರಲ್ಲಿ ಕೈಗೆ ಹತ್ತಿದ್ದೇನು ಅಂತ ಕೇಳ್ಲಿ.

ಫೋಟೋ ಹಾಕಿದಾಗ ಹಿಂದೆ ಕೂತು ತಂಬೂರಿ ಹಿಡಿದೋರ ಹೆಸರೂ ಅಡಿಬರಹದಲ್ಲಿ ಬರಲಿ. ಜಾಗ ಸಾಲದು ಅಂತ ನಿಮ್ಮ ಕಷ್ಟ ನನಗೆ ಗೊತ್ತು, ಅಂಥಾ ವಾರ ಪ್ರಶಸ್ತಿಗಳ ಪಟ್ಟೀಲಿ ನಾಲ್ಕು ಸಾಲು ಕಡಿಮೆ ಮಾಡಿ, ಓದೋರಿಗೆ ಏನೂ ಬೇಜಾರಾಗಲ್ಲ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ಚಿತ್ರಕಲಾ ಶಿಕ್ಷಕಿ